ಸೊಪ್ಪಿಗೆ ಹೆದರುವುದೂ ಬೇಡ, ಕೆ-೨ ಗುಳಿಗೆಗೆ ಮರುಳಾಗುವುದೂ ಬೇಡ

ಈಚಿನ ದಿನಗಳಲ್ಲಿ ಭಕ್ತರ ಮನೆಗಳಲ್ಲಿ 'ಕೆ' ಜೀವಸತ್ವದ ಬಗೆಗೆ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತಿವೆ. ಸಸ್ಯಾಹಾರಿಗಳಿಗೆ ಕೆ-೨ ಎಂಬ ಜೀವಸತ್ವ ದೊರೆಯುವುದೇ ಇಲ್ಲ, ಆದಕಾರಣ ಅವರ ಎಲುಬು ಸವೆಯುತ್ತದೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ, ಗುಳಿಗೆ ಕೊಂಡು ನುಂಗದೆ ಗತಿಯಿಲ್ಲ ಎಂಬುದು ಮೊದಲನೆಯದು. ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುತ್ತಿರುವವರು ಸೊಪ್ಪನ್ನು ಕಣ್ಣೆತ್ತಿಯೂ ನೋಡಬಾರದು ಎಂಬುದು ಎರಡನೆಯದು. ಮೇಲುನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳು. ಆದರೆ ಎರಡೂ ಹುಟ್ಟಿರುವುದು ಒಂದೇ ಅರೆತಿಳಿವಿನಿಂದ. ತಿಂದ ಸೊಪ್ಪಿನಲ್ಲಿರುವ ಜೀವಸತ್ವದಲ್ಲಿ ರಕ್ತಕ್ಕೆ ಸೇರುವುದೆಷ್ಟು, ಸೇರಿದ್ದು ಯಾವ ರೂಪ ತಾಳುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ವಿಚಾರಿಸದೆ, ತಟ್ಟೆಯಲ್ಲಿದ್ದುದೆಲ್ಲ ಹಾಗೆಯೇ ದೇಹಕ್ಕೆ ಸೇರುತ್ತದೆಂದು ಭಾವಿಸಿದ್ದರ ಫಲ ಇದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ದಿನಕ್ಕೊಂದು ಹಿಡಿ ಸೊಪ್ಪು, ಅದರ ಜೊತೆಗೊಂದಿಷ್ಟು ಜಿಡ್ಡು ಇರುವ ಮನೆಯಲ್ಲಿ, ಕರುಳು ಯಕೃತ್ತುಗಳು ಆರೋಗ್ಯವಾಗಿರುವವರಿಗೆ ಮೊದಲನೆಯ ಭಯಕ್ಕೆ ಕಾರಣವಿಲ್ಲ. ಎರಡನೆಯ ಭಯದಿಂದ ಸೊಪ್ಪನ್ನು ಪೂರ್ತಿ ಬಿಟ್ಟವರಿಗೆ ಅಪಾಯ ಕಡಿಮೆಯಾಗುವ ಬದಲು ಹೆಚ್ಚುವ ಸಂಭವವೇ ಇದೆ.

'ಕೆ' ಜೀವಸತ್ವದ ಕಥೆ ಆರಂಭವಾದದ್ದೇ ಜಿಡ್ಡಿಲ್ಲದ ಊಟದಿಂದ. ೧೯೨೯ರ ಸುಮಾರಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ ಕೋಳಿಮರಿಗಳಿಗೆ ಕೊಬ್ಬಿನಂಶವನ್ನೆಲ್ಲ ತೆಗೆದ ಆಹಾರ ಕೊಟ್ಟು ಪರೀಕ್ಷಿಸುತ್ತಿದ್ದರು. ಕೆಲವು ವಾರಗಳಲ್ಲಿ ಮರಿಗಳ ಚರ್ಮದ ಕೆಳಗೂ ಸ್ನಾಯುಗಳಲ್ಲಿಯೂ ರಕ್ತ ಸೋರತೊಡಗಿತು. ಹೊರತೆಗೆದ ರಕ್ತ ಬೇಗ ಹೆಪ್ಪುಗಟ್ಟಲಿಲ್ಲ. ಆಗ ತಿಳಿದಿದ್ದ ಯಾವ ಜೀವಸತ್ವ ಕೊಟ್ಟರೂ ಗುಣ ಕಾಣಲಿಲ್ಲ. ಹಸಿರೆಲೆ ಕೊಟ್ಟಾಗ ಕಂಡಿತು. ಹೆಪ್ಪುಗಟ್ಟುವಿಕೆ ಎಂಬರ್ಥದ 'ಕೋಆಗುಲೇಷನ್' ಪದವನ್ನು ಅವರ ಭಾಷೆಯಲ್ಲಿ 'ಕೆ' ಅಕ್ಷರದಿಂದ ಬರೆಯುತ್ತಿದ್ದರಿಂದ ೧೯೩೫ರಲ್ಲಿ ಈ ಹೊಸ ಜೀವಸತ್ವಕ್ಕೆ ಅದೇ ಅಕ್ಷರ ಹೆಸರಾಯಿತು. ಅಮೆರಿಕದ ಎಡ್ವರ್ಡ್ ಡಾಯ್ಸಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು: ಲೂಸರ್ನ್ ಎಂಬ ದನದ ಮೇವಿನಿಂದ ಕೆ-೧, ಕೊಳೆತ ಮೀನಿನ ಹಿಟ್ಟಿನಿಂದ ಕೆ-೨. ಇಬ್ಬರಿಗೂ ೧೯೪೩ರ ನೊಬೆಲ್ ಪುರಸ್ಕಾರ ಸಂದಿತು. ಕೆ-೨ ದೊರೆತದ್ದು ಮೀನಿನ ದೆಸೆಯಿಂದಲ್ಲ, ಅದನ್ನು ಕೊಳೆಯಿಸಿದ ಸೂಕ್ಷ್ಮಾಣುಗಳ ದೆಸೆಯಿಂದ ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಸಸ್ಯಾಹಾರದ ಪ್ರಶ್ನೆಗೆ ಇದು ಮುಂದೆ ಬೇಕಾಗುತ್ತದೆ.

ದೇಹದಲ್ಲಿ ಈ ಜೀವಸತ್ವದ ಕೆಲಸ ಒಂದೇ. ಅದು ನಡೆಯುವ ಸ್ಥಳಗಳು ಹಲವು. ಯಕೃತ್ತಿನಲ್ಲಿ ತಯಾರಾಗುವ ಕೆಲವು ಪ್ರೋಟೀನುಗಳು ಹುಟ್ಟಿದ ರೂಪದಲ್ಲಿ ನಿಷ್ಪ್ರಯೋಜಕ. 'ಕೆ' ಜೀವಸತ್ವದ ನೆರವಿನಿಂದ ಅವುಗಳಿಗೆ ಕ್ಯಾಲ್ಸಿಯಮ್ಮನ್ನು ಹಿಡಿಯುವ ಕೊಂಡಿಗಳು ಮೂಡಿದ ಮೇಲೆಯೇ ಅವು ರಕ್ತವನ್ನು ಹೆಪ್ಪುಗಟ್ಟಿಸಬಲ್ಲವು. ಎಲುಬಿನಲ್ಲಿರುವ ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನಿಗೂ, ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟದಂತೆ ತಡೆಯುವ ಇನ್ನೊಂದು ಪ್ರೋಟೀನಿಗೂ ಇದೇ ಸಂಸ್ಕಾರ ಬೇಕು. ಪ್ರತಿ ಬಾರಿ ಕೆಲಸ ಮಾಡಿದಾಗಲೂ ಜೀವಸತ್ವ ಬಳಲಿದ ಒಂದು ರೂಪಕ್ಕೆ ತಿರುಗುತ್ತದೆ. ಒಂದು ಕಿಣ್ವ ಅದನ್ನು ಮತ್ತೆ ಹಿಂದಿನ ರೂಪಕ್ಕೆ ತಂದು ಕೆಲಸಕ್ಕೆ ಹಚ್ಚುತ್ತದೆ. ಆದ್ದರಿಂದಲೇ ದಿನದ ಅಗತ್ಯ ಅತ್ಯಲ್ಪ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳು ೨೦೦೪ರಲ್ಲಿ ಹೇಳಿದಂತೆ ಪುರುಷರಿಗೆ ೬೫, ಮಹಿಳೆಯರಿಗೆ ೫೫ ಮೈಕ್ರೋಗ್ರಾಂ. ಅಮೆರಿಕದವರು ಇದನ್ನು ೧೨೦ ಮತ್ತು ೯೦ ಎಂದು ಇಟ್ಟುಕೊಂಡಿದ್ದಾರೆ. ಹೇಗೆ ನೋಡಿದರೂ ಇದು ಒಂದು ಗ್ರಾಮಿನ ಸಾವಿರದ ಒಂದಂಶಕ್ಕಿಂತ ಬಹಳ ಕಡಿಮೆ. ನೂರು ಗ್ರಾಂ ಹಸಿ ಪಾಲಕ್ ಸೊಪ್ಪಿನಲ್ಲಿ ಸುಮಾರು ೪೮೦, ಕೊತ್ತಂಬರಿಯಲ್ಲಿ ಸುಮಾರು ೩೧೦, ಎಲೆಕೋಸಿನಲ್ಲಿ ಸುಮಾರು ೭೫ ಮೈಕ್ರೋಗ್ರಾಂ ಕೆ-೧ ಇರುತ್ತದೆ.

ಲೆಕ್ಕ ಇಲ್ಲಿಗೇ ಮುಗಿಯಿತೆಂದು ತಿಳಿಯುವವರು ಸೊಪ್ಪಿನ ಸ್ವಭಾವವನ್ನು ಮರೆಯುತ್ತಾರೆ. ಎಲೆಯಲ್ಲಿ ಕೆ-೧ ಇರುವುದು ನಮಗಾಗಿ ಅಲ್ಲ. ಬಿಸಿಲಿನ ಶಕ್ತಿಯನ್ನು ಎಲೆ ಹಿಡಿದಿಡುವ ಕೆಲಸದಲ್ಲಿ ಅದಕ್ಕೊಂದು ಪಾತ್ರವಿದೆ. ಹಸಿರು ಬಣ್ಣವಿರುವ ಕಣಗಳ ಒಳಪೊರೆಗಳಲ್ಲಿ ಅದು ಬಿಗಿಯಾಗಿ ಹುದುಗಿರುತ್ತದೆ. ಆದ್ದರಿಂದಲೇ ಎಲೆ ಎಷ್ಟು ಕಡುಹಸಿರೋ ಕೆ-೧ ಅಷ್ಟು ಹೆಚ್ಚು. ನಮ್ಮ ಕರುಳು ಆ ಹಿಡಿತವನ್ನು ಸುಲಭವಾಗಿ ಸಡಿಲಿಸಲಾರದು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನ ಸಂಶೋಧಕರು ೧೯೯೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಔಷಧರೂಪದ ಶುದ್ಧ ಕೆ-೧ ಕೊಟ್ಟಾಗ ರಕ್ತದಲ್ಲಿ ಕಂಡ ಏರಿಕೆಯನ್ನು ೧೦೦ ಎಂದು ಇಟ್ಟುಕೊಂಡರೆ, ಅಷ್ಟೇ ಕೆ-೧ ಇರುವ ಪಾಲಕನ್ನು ಬೆಣ್ಣೆಯೊಡನೆ ತಿಂದವರಲ್ಲಿ ಅದು ೧೩, ಬೆಣ್ಣೆಯಿಲ್ಲದೆ ತಿಂದವರಲ್ಲಿ ಕೇವಲ ೪. ಸೊಪ್ಪು ಅದೇ, ಹೊಟ್ಟೆ ಅದೇ. ಒಂದಿಷ್ಟು ಬೆಣ್ಣೆ ಮೂರು ಪಟ್ಟು ವ್ಯತ್ಯಾಸ ಮಾಡಿತು.

ಈ ಅಂಕಿಗಳನ್ನು ಕಂಡು ಸೊಪ್ಪಿನಲ್ಲಿ ಏನೂ ಇಲ್ಲವೆಂದು ನಿರ್ಧರಿಸುವುದು ಸಲ್ಲದು. ದಿನಕ್ಕಿಷ್ಟು ಬೇಕೆಂದು ತಜ್ಞರು ನಿಗದಿಪಡಿಸಿದ್ದು ಜನ ಸಹಜವಾಗಿ ಉಣ್ಣುವ ಊಟವನ್ನು ಗಮನದಲ್ಲಿಟ್ಟುಕೊಂಡೇ. ಆದರೆ ಜಿಡ್ಡಿನ ಪಾಠವನ್ನು ಮಾತ್ರ ನಾವು ಮನಸ್ಸಿಗೆ ತೆಗೆದುಕೊಳ್ಳಬೇಕು. ಎಣ್ಣೆ ಮುಟ್ಟಿಸದೆ ಬೇಯಿಸಿದ ಸೊಪ್ಪನ್ನು ಮಾತ್ರ ಉಣ್ಣುವುದು ಆರೋಗ್ಯದ ಪರಮಾವಧಿ ಎಂಬ ನಂಬಿಕೆ ಪಟ್ಟಣದ ಭಕ್ತರಲ್ಲಿ ಬೆಳೆಯುತ್ತಿದೆ. ಅದಕ್ಕಿಂತ ನಮ್ಮ ಅಜ್ಜಿಯರ ಅಡುಗೆಯೇ ವಿಜ್ಞಾನಕ್ಕೆ ಹೆಚ್ಚು ಹತ್ತಿರವಾಗಿತ್ತು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯ, ಹಕ್ಕರಿಕೆಗಳನ್ನು ತಿನ್ನುವಾಗ ಪಕ್ಕದಲ್ಲಿ ಗುರೆಳ್ಳಿನ ಪುಡಿ, ಶೇಂಗಾ ಚಟ್ನಿ, ಅದರ ಮೇಲೊಂದಿಷ್ಟು ಹಸಿ ಎಣ್ಣೆ ಇದ್ದೇ ಇರುತ್ತದೆ. ಶೇಂಗಾ ಎಣ್ಣೆಯಲ್ಲಿ 'ಕೆ' ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಎಲೆಯೊಳಗಿನದನ್ನು ಕರಗಿಸಿ ಹೊತ್ತೊಯ್ಯಲು ಅದು ಸಾಕು. ಪುಂಡಿ ಪಲ್ಯಕ್ಕೆ ಕೊಡುವ ಬೆಳ್ಳುಳ್ಳಿಯ ಒಗ್ಗರಣೆ, ರಾಜಗಿರಿ ಸೊಪ್ಪಿಗೆ ಬೆರೆಸುವ ಶೇಂಗಾ ಪುಡಿ, ದಕ್ಷಿಣದ ಮಸ್ಸೊಪ್ಪಿನ ಮೇಲೆ ಬಿಡುವ ತುಪ್ಪ, ಬಸಳೆಗೆ ಕರಾವಳಿಯವರು ಅರೆದು ಹಾಕುವ ತೆಂಗಿನಕಾಯಿ ಎಲ್ಲವೂ ಇದೇ ಕೆಲಸವನ್ನು ಮಾಡುತ್ತವೆ. ಬಸ್ಸಾರು ಮಾಡುವ ತಾಯಂದಿರಿಗೂ ಒಂದು ಮಾತು. ಸೊಪ್ಪು ಬೇಯಿಸಿದ ನೀರನ್ನು ಬಸಿದಾಗ 'ಕೆ' ಜೀವಸತ್ವ ನಷ್ಟವಾಗುವುದಿಲ್ಲ; ಅದು ನೀರಿನಲ್ಲಿ ಕರಗದು, ಸಾಧಾರಣ ಕುದಿತಕ್ಕೆ ಕೆಡದು. ಆ ಕಟ್ಟಿಗೆ ಸೇರಿಹೋಗುವುದು 'ಸಿ' ಜೀವಸತ್ವ, ಫೋಲಿಕ್ ಆಮ್ಲ ಮೊದಲಾದವು. ಅದನ್ನು ಚೆಲ್ಲದೆ ಸಾರು ಮಾಡುವುದರಿಂದ ಅವುಗಳಲ್ಲಿಯೂ ಒಂದು ಪಾಲು ಉಳಿಯುತ್ತದೆ.

'ಕೆ' ಜೀವಸತ್ವವನ್ನು ಕೆಡಿಸುವುದು ಬೆಳಕು. ಸೋಯಾ ಎಣ್ಣೆಯಲ್ಲಿ ನೂರು ಗ್ರಾಮಿಗೆ ಸುಮಾರು ೧೮೦ ಮೈಕ್ರೋಗ್ರಾಂ ಇರುವುದಾದರೂ ಗಾಜಿನ ಸೀಸೆಯಲ್ಲಿ ಕಿಟಕಿಯ ಬಳಿ ಇಟ್ಟರೆ ಅದು ಬೇಗ ಇಳಿದುಹೋಗುತ್ತದೆ. ವನಸ್ಪತಿಯದು ಇನ್ನೊಂದು ಬಗೆಯ ನಷ್ಟ. ಎಣ್ಣೆಯನ್ನು ಗಟ್ಟಿಮಾಡುವ ಕ್ರಿಯೆಯಲ್ಲಿ ಅದರಲ್ಲಿರುವ ಕೆ-೧ ಸಹ ಬೇರೆ ರೂಪಕ್ಕೆ ತಿರುಗಿ, ದೇಹಕ್ಕೆ ಮೊದಲಿನಷ್ಟು ಉಪಯೋಗಕ್ಕೆ ಬಾರದಂತಾಗುತ್ತದೆ. ವನಸ್ಪತಿಯನ್ನು ದೂರವಿಡಲು ಇದಕ್ಕಿಂತ ದೊಡ್ಡ ಕಾರಣಗಳಿವೆ. ಇದೂ ಒಂದು ಇರಲಿ.

ನುಂಗಿದ ಮೇಲಿನ ದಾರಿ ಹೀಗೆ. ಸಣ್ಣ ಕರುಳಿನಲ್ಲಿ ಪಿತ್ತರಸವೂ ಮೇದೋಜೀರಕ ಗ್ರಂಥಿಯ ರಸವೂ ಸೇರಿ ಜಿಡ್ಡನ್ನು ಅತಿಸೂಕ್ಷ್ಮ ಹನಿಗಳನ್ನಾಗಿ ಒಡೆಯುತ್ತವೆ. 'ಕೆ' ಜೀವಸತ್ವ ಆ ಹನಿಗಳೊಳಗೆ ಸೇರಿ ಕರುಳಿನ ಗೋಡೆ ದಾಟುತ್ತದೆ. ನಂತರ ಅದು ನೇರವಾಗಿ ರಕ್ತಕ್ಕೆ ಬೀಳದೆ, ದುಗ್ಧರಸದ ನಾಳಗಳ ಮೂಲಕ ಸುತ್ತುಬಳಸಿ ರಕ್ತಕ್ಕೆ ಸೇರಿ, ಬಹುಪಾಲು ಯಕೃತ್ತಿಗೆ ತಲುಪುತ್ತದೆ. ಅಲ್ಲಿಯೂ ಅದು ಬಹಳ ಕಾಲ ನಿಲ್ಲುವುದಿಲ್ಲ. ರಕ್ತದಲ್ಲಿನ ಕೆ-೧ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಹೀರಿಕೊಂಡ ಹತ್ತು ಪಾಲಿನಲ್ಲಿ ಆರೇಳು ಪಾಲು ಕೆಲವು ದಿನಗಳೊಳಗೆ ಪಿತ್ತರಸ, ಮೂತ್ರಗಳ ಮೂಲಕ ಹೊರಬೀಳುತ್ತದೆ. 'ಎ', 'ಡಿ' ಜೀವಸತ್ವಗಳಂತೆ ತಿಂಗಳುಗಟ್ಟಲೆ ಸಾಲುವ ಕಣಜ ಇದಕ್ಕಿಲ್ಲ. ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಮನೆಯಂತೆ, ಇಲ್ಲಿ ಅಂದಂದಿನದು ಅಂದಂದಿಗೆ. ಭಾನುವಾರ ಒಂದು ಬುಟ್ಟಿ ಸೊಪ್ಪು ತಿಂದು ವಾರವಿಡೀ ಸೊಪ್ಪಿಲ್ಲದೆ ಕಳೆಯುವ ಊಟದ ಕ್ರಮ ಈ ಜೀವಸತ್ವಕ್ಕೆ ಒಗ್ಗದು.

ಇನ್ನು ರೂಪಾಂತರದ ಮಾತು. ಕೆ-೨ ಎಂಬುದು ಒಂದು ವಸ್ತುವಲ್ಲ, ಒಂದು ಬಳಗ. ಕೆ-೧ ಆಗಲಿ ಕೆ-೨ ಬಳಗದವರಾಗಲಿ, ಎಲ್ಲರ ತಲೆಯೂ ಒಂದೇ. ಬಾಲ ಮಾತ್ರ ಬೇರೆ. ಕುಡುಗೋಲಿನ ಅಲಗು ಒಂದೇ ಆಗಿದ್ದು ಹಿಡಿ ಬೇರೆ ಬೇರೆಯಾಗಿರುವಂತೆ ಇದು. ಕೊಯ್ಯುವುದು ಅಲಗು, ಹಿಡಿಯ ಉದ್ದ, ಆಕಾರಗಳಿಂದ ಆ ಕುಡುಗೋಲು ಯಾವ ಕೈಗೆ ಒಗ್ಗುತ್ತದೆ, ಎಷ್ಟು ಹೊತ್ತು ಹಿಡಿಯಬಹುದು ಎಂಬುದು ಗೊತ್ತಾಗುತ್ತದೆ. ಕೆ-೨ ಬಳಗದಲ್ಲಿ ಬಾಲದ ಉದ್ದಕ್ಕೆ ತಕ್ಕಂತೆ ಎಂಕೆ-೪, ಎಂಕೆ-೭ ಎಂಬ ಹೆಸರುಗಳಿವೆ. ಉದ್ದ ಬಾಲದ ಎಂಕೆ-೭ ಮುಂತಾದವನ್ನು ಸೂಕ್ಷ್ಮಾಣುಗಳು ತಯಾರಿಸುತ್ತವೆ. ಗಿಡ್ಡ ಬಾಲದ ಎಂಕೆ-೪ ಹಾಗಲ್ಲ. ಅದನ್ನು ಪ್ರಾಣಿಗಳ ದೇಹವೇ ತಯಾರಿಸಿಕೊಳ್ಳುತ್ತದೆ. ಸಸ್ಯಾಹಾರಿಗಳಿಗೆ ಕೆ-೨ ಇಲ್ಲವೆನ್ನುವವರು ಬಿಟ್ಟುಬಿಡುವ ಸಂಗತಿ ಇದೇ.

ಕೆ-೧ ಮಾತ್ರ ತಿನ್ನಿಸಿ ಬೆಳೆಸಿದ ಪ್ರಾಣಿಗಳ ಮಿದುಳು, ಮೇದೋಜೀರಕ ಗ್ರಂಥಿ, ಜೊಲ್ಲಿನ ಗ್ರಂಥಿಗಳಲ್ಲಿ ಎಂಕೆ-೪ ತುಂಬಿರುವುದನ್ನು ಸಂಶೋಧಕರು ಕಂಡರು. ಕರುಳಿನ ಸೂಕ್ಷ್ಮಾಣುಗಳು ಮಾಡಿಕೊಟ್ಟಿರಬಹುದೆ ಎಂಬ ಸಂದೇಹ ಸಹಜವಾಗಿಯೇ ಹುಟ್ಟಿತು. ಆದರೆ ಒಂದೇ ಒಂದು ಸೂಕ್ಷ್ಮಾಣುವೂ ಇಲ್ಲದಂತೆ ಸಾಕಿದ ಇಲಿಗಳಲ್ಲಿಯೂ ಈ ರೂಪಾಂತರ ನಡೆಯುತ್ತದೆಂದು ೧೯೯೮ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಮನುಷ್ಯರಲ್ಲಿ ಇದರ ಜಾಡು ಮೂತ್ರದಲ್ಲಿ ಸಿಕ್ಕಿತು. ಕೆ-೧ ಅನ್ನು ಬಾಯಿಂದ ಸೇವಿಸಿದವರ ಮೂತ್ರದಲ್ಲಿ, ಬಾಲ ಕಳಚಿಕೊಂಡ ಬರಿಯ ತಲೆಯ ಭಾಗ ಕೆಲವೇ ಗಂಟೆಗಳಲ್ಲಿ ಹೆಚ್ಚಾಗಿ ಕಾಣಿಸಿತು; ಅದನ್ನೇ ಚುಚ್ಚುಮದ್ದಿನ ಮೂಲಕ ಕೊಟ್ಟಾಗ ಹಾಗಾಗಲಿಲ್ಲ. ಎಂದರೆ ಹಿಡಿಯನ್ನು ಕಳಚುವ ಕೆಲಸ ಮುಖ್ಯವಾಗಿ ನಡೆಯುವುದು ಕರುಳಿನ ಗೋಡೆಯಲ್ಲಿ. ಸೇವಿಸಿದ ಕೆ-೧ರಲ್ಲಿ ನೂರಕ್ಕೆ ೫ರಿಂದ ೨೫ರಷ್ಟು ಹೀಗೆ ಕಳಚಿಕೊಳ್ಳುತ್ತದೆಂದು ತಜ್ಞರ ಅಂದಾಜು. ಕಳಚಿದ ಅಲಗು ರಕ್ತದಲ್ಲಿ ಹೊರಟು ಬೇರೆ ಬೇರೆ ಅಂಗಗಳನ್ನು ಸೇರಿದ ಮೇಲೆ ಅಲ್ಲಿ ಅದಕ್ಕೆ ಹೊಸ ಹಿಡಿ ಕೂಡುತ್ತದೆ. ಈ ಕಮ್ಮಾರಿಕೆ ಮಾಡುವ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು ೨೦೧೦ರಲ್ಲಿ ಗುರುತಿಸಿದರು. ಅದರ ಹೆಸರು ಯುಬಿಐಎಡಿ-೧. ನಮ್ಮೆಲ್ಲರ ದೇಹದಲ್ಲಿಯೂ ಅದಿದೆ. ಹಕ್ಕರಿಕೆಯ ಎಲೆಯಲ್ಲಿ ಕೆ-೧ ಆಗಿದ್ದುದು ಉಂಡವರ ಮಿದುಳಿನಲ್ಲಿ ಕೆ-೨ ಆಗಿ ನೆಲೆಸುವುದು ಹೀಗೆ. ಹಾಲು, ಬೆಣ್ಣೆ, ತುಪ್ಪಗಳಲ್ಲಿ ಸ್ವಲ್ಪಮಟ್ಟಿಗೆ ಎಂಕೆ-೪ ಇರುವುದಕ್ಕೂ ಇದೇ ಕಾರಣ. ಮೇವಿನ ಕೆ-೧ ಅನ್ನು ಹಸುವಿನ ದೇಹವೂ ಹೀಗೆಯೇ ಬದಲಿಸಿಕೊಂಡಿರುತ್ತದೆ.

ಕರುಳಿನ ಸೂಕ್ಷ್ಮಾಣುಗಳ ವಿಷಯದಲ್ಲಿ ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದ ಮಾತನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ದೇಹಕ್ಕೆ ಬೇಕಾದ 'ಕೆ' ಜೀವಸತ್ವದ ಅರ್ಧದಷ್ಟನ್ನು ಅವೇ ಒದಗಿಸುತ್ತವೆಂದು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದೇವೆ. ಅವು ಕೆ-೨ ತಯಾರಿಸುವುದು ನಿಜ. ಆದರೆ ತಯಾರಿಸುವ ಜಾಗ ದೊಡ್ಡ ಕರುಳು. ಪಿತ್ತರಸದ ಲವಣಗಳ ಬಹುಪಾಲನ್ನು ಅದಕ್ಕೆ ಮೊದಲೇ ಸಣ್ಣ ಕರುಳಿನ ತುದಿಯಲ್ಲಿ ದೇಹ ಹಿಂದಕ್ಕೆ ಪಡೆದಿರುತ್ತದೆ. ಜಿಡ್ಡನ್ನು ಒಡೆಯುವವರಿಲ್ಲದ ಊರಿನಲ್ಲಿ ಜಿಡ್ಡಿನಲ್ಲಿ ಕರಗುವ ಸರಕು ಎಷ್ಟಿದ್ದರೇನು? ಅದರಿಂದ ದೇಹಕ್ಕೆ ದಕ್ಕುವುದು ಸ್ವಲ್ಪವೇ.

ಇಷ್ಟನ್ನು ತಿಳಿದ ಮೇಲೆ ಕೆ-೨ ಗುಳಿಗೆಯ ವಿಚಾರಕ್ಕೆ ಬರಬಹುದು. ಮಾರುವವರ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಜಪಾನಿನಲ್ಲಿ ಸೋಯಾ ಕಾಳನ್ನು ಹುದುಗಿಸಿ ಮಾಡುವ ನ್ಯಾಟೋ ಎಂಬ ತಿನಿಸಿನಲ್ಲಿ ಎಂಕೆ-೭ ಹೇರಳವಾಗಿದೆ. ಅದು ಚೆನ್ನಾಗಿ ಹೀರಿಕೆಯಾಗುತ್ತದೆ, ಕೆ-೧ರಂತೆ ಗಂಟೆಗಳಲ್ಲಿ ಮಾಯವಾಗದೆ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ನಮ್ಮ ಇಡ್ಲಿ-ದೋಸೆಯ ಹಿಟ್ಟನ್ನು ಹುದುಗಿಸುವ ಸೂಕ್ಷ್ಮಾಣುಗಳು ಬೇರೆ ಜಾತಿಯವು. ನ್ಯಾಟೋದ ಗುಣವನ್ನು ಇಡ್ಲಿಗೆ ಆರೋಪಿಸಿ ಹೆಮ್ಮೆಪಡುವುದು ಬೇಡ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆ-೨ ಹೆಚ್ಚಾಗಿ ಸೇವಿಸುವವರಲ್ಲಿ ಹೃದ್ರೋಗ ಕಡಿಮೆ ಕಂಡದ್ದೂ ನಿಜ. ಆದರೆ ಅದು ಜನರ ಊಟದ ರೂಢಿಯನ್ನು ಗಮನಿಸಿ ಬರೆದ ಲೆಕ್ಕ. ಗುಳಿಗೆ ಕೊಟ್ಟು ನೋಡಿದ ಪರೀಕ್ಷೆಯಲ್ಲ. ಡೆನ್ಮಾರ್ಕಿನ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿ ೨೦೨೧ರಲ್ಲಿ ಪ್ರಕಟಿಸಿದ ಅದೇ ಬಗೆಯ ಲೆಕ್ಕದಲ್ಲಿ ಸೊಪ್ಪಿನ ಕೆ-೧ ಹೆಚ್ಚು ಸೇವಿಸಿದವರಿಗೂ ಅಂಥದೇ ಪ್ರಯೋಜನ ಕಂಡಿದೆ. ಗುಳಿಗೆ ಕೊಟ್ಟು ನೋಡಿದ ಪರೀಕ್ಷೆಯೂ ಡೆನ್ಮಾರ್ಕಿನಲ್ಲಿಯೇ ಆಯಿತು. ಹೃದಯದ ಕವಾಟದಲ್ಲಿ ಸುಣ್ಣ ಕಟ್ಟಿದ್ದ ೩೬೫ ಪುರುಷರಲ್ಲಿ ಒಂದು ಗುಂಪಿಗೆ ಎರಡು ವರ್ಷ ಕಾಲ ದಿನಕ್ಕೆ ೭೨೦ ಮೈಕ್ರೋಗ್ರಾಂ ಎಂಕೆ-೭ ಅನ್ನು 'ಡಿ' ಜೀವಸತ್ವದೊಡನೆ ಕೊಟ್ಟರು. ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ ಕೊಟ್ಟರು. ೨೦೨೨ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಣ್ಣ ಕಟ್ಟುವಿಕೆ ಎರಡೂ ಗುಂಪಿನಲ್ಲಿ ಒಂದೇ ತೆರನಾಗಿ ಮುಂದುವರಿದಿತ್ತು.

ಎಂಕೆ-೪ ಗುಳಿಗೆಯ ಕಥೆ ಇನ್ನೂ ವಿಚಿತ್ರ. ಆಹಾರದಲ್ಲಿ ದೊರೆಯಬಹುದಾದಷ್ಟು ಸಣ್ಣ ಪ್ರಮಾಣದಲ್ಲಿ ಅದನ್ನು ನುಂಗಿದರೆ ರಕ್ತದಲ್ಲಿ ಅದರ ಸುಳಿವೇ ಕಾಣುವುದಿಲ್ಲವೆಂದು ಜಪಾನಿನ ಸಂಶೋಧಕರು ೨೦೧೨ರಲ್ಲಿ ವರದಿ ಮಾಡಿದರು. ಎಲುಬಿನ ಸವೆತಕ್ಕೆ ಅದೇ ದೇಶದ ವೈದ್ಯರು ಕೊಡುವ ಪ್ರಮಾಣ ದಿನಕ್ಕೆ ೪೫ ಮಿಲಿಗ್ರಾಂ. ಅದು ನಾವು ಒಂದು ದಿನದಲ್ಲಿ ಉಣ್ಣುವ 'ಕೆ' ಜೀವಸತ್ವದ ನೂರಾರು ಪಟ್ಟು. ಅದನ್ನು ಆಹಾರವೆನ್ನಲಾಗದು, ಔಷಧವೆನ್ನಬೇಕು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ೨೦೧೭ರಲ್ಲಿ ಈ ಎಲ್ಲವನ್ನೂ ಪರಿಶೀಲಿಸಿ, ಕೆ-೧ಕ್ಕೆ ಮಾತ್ರ ದೈನಂದಿನ ಪ್ರಮಾಣ ನಿಗದಿ ಮಾಡಿತು. ಕೆ-೨ಕ್ಕೆ ಪ್ರತ್ಯೇಕ ಪ್ರಮಾಣ ಹೇಳಲು ಆಧಾರ ಸಾಲದೆಂದಿತು. ಹೀಗಿರುವಾಗ ಶರಣರ ಆಹಾರಕ್ರಮದಲ್ಲಿಯೇ ಕೊರತೆಯಿದೆಯೆಂದು ಹೆದರಿಸಿ ತಿಂಗಳು ತಿಂಗಳು ಹಣ ಖರ್ಚುಮಾಡಿಸುವುದು ನ್ಯಾಯವಲ್ಲವೆಂದೇ ನಮ್ಮ ಭಾವನೆ. ಆ ಹಣಕ್ಕೆ ಸಂತೆಯಲ್ಲಿ ಎಷ್ಟು ಕಟ್ಟು ಸೊಪ್ಪು ಬರುತ್ತದೆಂಬುದನ್ನು ಮನೆಯ ಹಿರಿಯರೇ ಲೆಕ್ಕ ಹಾಕಲಿ.

ನಿಜವಾಗಿ ಪ್ರಾಣದ ಪ್ರಶ್ನೆ ಇರುವುದು ಎರಡನೆಯ ಮಾತಿನಲ್ಲಿ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಅವರೆಲ್ಲ ಜೀವನಪರ್ಯಂತ ವಾರ್ಫರಿನ್ ಅಥವಾ ನಮ್ಮಲ್ಲಿ 'ಅಸಿಟ್ರೋಮ್' ಎಂದು ಬಳಕೆಯಲ್ಲಿರುವ ಗುಳಿಗೆಯನ್ನು ನುಂಗಬೇಕಾಗುತ್ತದೆ. ಈ ಜಾತಿಯ ಔಷಧ ಹುಟ್ಟಿದ್ದೂ ದನದ ಕೊಟ್ಟಿಗೆಯಿಂದಲೇ. ೧೯೨೦ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ರೈತರ ದನಗಳು ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಒಣಮೇವು ತಿಂದು ರಕ್ತ ಸೋರಿ ಸಾಯತೊಡಗಿದವು. ವಿಸ್ಕಾನ್ಸಿನ್ನಿನ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನಲ್ಲಿದ್ದ ವಿಷವನ್ನು ಪತ್ತೆಹಚ್ಚಿದರು. ಅದರ ಜಾಡಿನಲ್ಲಿ ತಯಾರಾದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಬಂದು, ೧೯೫೪ರಲ್ಲಿ ಮನುಷ್ಯರ ಔಷಧವೆಂದು ಮಾನ್ಯವಾಯಿತು. ಬಳಲಿದ 'ಕೆ' ಜೀವಸತ್ವವನ್ನು ಮರಳಿ ಸಿದ್ಧಪಡಿಸುವ ಕಿಣ್ವವೊಂದನ್ನು ಮೇಲೆ ಹೇಳಿದೆವಲ್ಲ, ಆ ಕಿಣ್ವವನ್ನು ಈ ಔಷಧಗಳು ಕಟ್ಟಿಹಾಕುತ್ತವೆ. ಆಗ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ವೈದ್ಯರು ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ, ಅದು ಒಂದು ಮಿತಿಯೊಳಗೆ ನಿಲ್ಲುವಂತೆ ಗುಳಿಗೆಯ ಪ್ರಮಾಣವನ್ನು ಗೊತ್ತುಮಾಡುತ್ತಾರೆ.

ಈಗ ಯೋಚಿಸಿ. ಮನೆಯಲ್ಲಿ ನಿತ್ಯ ಉಣ್ಣುವ ಸೊಪ್ಪನ್ನೂ ಸೇರಿಸಿಕೊಂಡೇ ಆ ಪ್ರಮಾಣ ಗೊತ್ತಾಗಿರುತ್ತದೆ. ಯಾರೋ ಹೇಳಿದರೆಂದು ಸೊಪ್ಪನ್ನು ಥಟ್ಟನೆ ಬಿಟ್ಟರೆ, ಅದೇ ಗುಳಿಗೆ ಈಗ ಮೊದಲಿಗಿಂತ ಪ್ರಬಲವಾಗಿ, ಒಸಡಿನಲ್ಲೋ ಮೂತ್ರದಲ್ಲೋ ಕೊನೆಗೆ ಮಿದುಳಿನಲ್ಲೋ ರಕ್ತ ಸೋರಬಹುದು. ಮೂರು ತಿಂಗಳು ಸೊಪ್ಪು ಬಿಟ್ಟ ದೇಹಕ್ಕೆ ಹೊಸ ಪ್ರಮಾಣ ಹೊಂದಿಸಿದ ಮೇಲೆ, ಬಂಧುಗಳ ಮನೆಯಲ್ಲಿ ಎರಡು ದಿನ ಪಾಲಕ್ ಪಲ್ಯ ಉಂಡರೂ ಗುಳಿಗೆಯ ಬಲ ಕುಗ್ಗಿ ಕವಾಟದ ಮೇಲೆ ಹೆಪ್ಪು ಕೂರಬಹುದು. ಜೀವಸತ್ವದ ಒಳಹರಿವು ತೀರ ಸಣ್ಣದಾಗಿದ್ದರೆ ಸಣ್ಣ ಏರಿಳಿತವೂ ದೊಡ್ಡದಾಗಿ ತೋರುತ್ತದೆ. ಬತ್ತಿದ ಹಳ್ಳದಲ್ಲಿ ಒಂದು ಮಳೆಗೇ ಪ್ರವಾಹ ಬರುವಂತೆ. ಐಎನ್‌ಆರ್ ನೆಲೆನಿಲ್ಲದೆ ಓಲಾಡುತ್ತಿದ್ದ ರೋಗಿಗಳಿಗೆ ದಿನವೂ ೧೫೦ ಮೈಕ್ರೋಗ್ರಾಂ 'ಕೆ' ಜೀವಸತ್ವ ಕೊಟ್ಟಾಗ ಅದು ಹೆಚ್ಚು ಸ್ಥಿರವಾದುದನ್ನು ಇಂಗ್ಲೆಂಡಿನ ಸಂಶೋಧಕರು ೨೦೦೭ರಲ್ಲಿ ತೋರಿಸಿದರು. ಅನಂತರದ ಎಲ್ಲ ಪರೀಕ್ಷೆಗಳಲ್ಲಿ ಅಷ್ಟೇ ಲಾಭ ಕಾಣಲಿಲ್ಲವಾದ್ದರಿಂದ ಯಾರೂ ತಾವಾಗಿಯೇ ಅಂಥ ಗುಳಿಗೆಯನ್ನು ಆರಂಭಿಸಬಾರದು. ಆದರೆ ಸೊಪ್ಪು ಬಿಡುವುದರಿಂದ ಕ್ಷೇಮ 'ಕಟ್ಟಿಟ್ಟ ಬುತ್ತಿ' ಎಂಬ ನಂಬಿಕೆಗೆ ಆಧಾರವಿಲ್ಲವೆಂಬುದು ಇದರಿಂದ ಸ್ಪಷ್ಟ. ಇಂಥವರು ಸೊಪ್ಪನ್ನು ಬಿಡಬೇಕಾದ್ದಿಲ್ಲ, ಅಳತೆಯನ್ನು ಬದಲಿಸದಿದ್ದರಾಯಿತು. ದಿನಕ್ಕೊಂದು ಬಟ್ಟಲೆಂದರೆ ದಿನವೂ ಒಂದು ಬಟ್ಟಲು. ಈಗಾಗಲೇ ಬಿಟ್ಟವರು ಮತ್ತೆ ಆರಂಭಿಸುವ ಮುನ್ನ ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆಯ ಮೇಲೆ ಕಣ್ಣಿಟ್ಟು, ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು.

ನಮ್ಮ ಆಚರಣೆಗಳ ವರ್ಷಚಕ್ರದಲ್ಲಿ ಈ ಅಳತೆ ತಪ್ಪುವ ಸಂದರ್ಭಗಳು ಹಲವು. ಶ್ರಾವಣ ಮಾಸವಿಡೀ ಒಪ್ಪತ್ತು ಉಣ್ಣುವವರು, ಸೋಮವಾರ ಮತ್ತು ಶಿವರಾತ್ರಿಯ ಉಪವಾಸ ಮಾಡುವವರು ಗುಳಿಗೆಯನ್ನು ಮಾತ್ರ ಎಂದಿನಂತೆ ನುಂಗಿದರೆ ರಕ್ತ ಸೋರುವ ಅಪಾಯ ಏರುತ್ತದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಹಿಂಗಾರಿನ ಹೊಲದಲ್ಲಿ ಕಡಲೆಯ ಕುಡಿ, ಹಕ್ಕರಿಕೆ, ಮೆಂತ್ಯ ಸೊಂಪಾಗಿರುತ್ತವೆ. ಚರಗದ ದಿನ ಹತ್ತಾರು ಬಗೆಯ ಸೊಪ್ಪು ತರಕಾರಿಗಳ ಭಜ್ಜಿ ಎಲೆ ತುಂಬ ಬೀಳುತ್ತದೆ. ಆಗ ಅಪಾಯದ ತಕ್ಕಡಿ ಇನ್ನೊಂದು ಕಡೆಗೆ ವಾಲಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಹಸಿರು ರಸ, ಗೋಧಿ ಹುಲ್ಲಿನ ರಸ, ನುಗ್ಗೆ ಸೊಪ್ಪಿನ ಪುಡಿ ಮೊದಲಾದವನ್ನು ಇಂಥವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಒಣಗಿಸಿದ ಎಲೆಯ ಎರಡು ಚಮಚ ಪುಡಿಯಲ್ಲಿ ಹಸಿ ಎಲೆ ಎಷ್ಟು ಅಡಗಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಈಚೆಗೆ ಬಂದಿರುವ ಕೆಲವು ಹೊಸ ಔಷಧಗಳಿಗೂ 'ಕೆ' ಜೀವಸತ್ವಕ್ಕೂ ಸಂಬಂಧವಿಲ್ಲ; ಅವನ್ನು ನುಂಗುವವರಿಗೆ ಸೊಪ್ಪಿನ ಲೆಕ್ಕ ಬೇಡ. ಆದರೆ ಲೋಹದ ಕವಾಟದವರಿಗೆ ಅವು ಒಗ್ಗುವುದಿಲ್ಲವಾದ್ದರಿಂದ ಅವರು ನೆರೆಮನೆಯವರ ಗುಳಿಗೆಯನ್ನು ಕಂಡು ತಮ್ಮದನ್ನು ಬದಲಿಸಲು ಹೋಗಬಾರದು.

ಸೊಪ್ಪೂ ಜಿಡ್ಡೂ ಎರಡೂ ಇದ್ದು ದೇಹಕ್ಕೆ ದಕ್ಕದವರೂ ಇದ್ದಾರೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಕಾಮಾಲೆಯಾದವರಿಗೆ ಪಿತ್ತರಸವೇ ಕರುಳಿಗೆ ಇಳಿಯುವುದಿಲ್ಲ. ಸಣ್ಣ ಕರುಳಿನ ದೀರ್ಘರೋಗವಿರುವವರು, ಊಟ ಸೇರದೆ ಬಹುದಿನ ಆ್ಯಂಟಿಬಯಾಟಿಕ್ ಮೇಲಿರುವವರು ಕೂಡ ಇದೇ ಸಾಲಿನವರು. ಕಾಮಾಲೆಯಾದವರ ಮೈಮೇಲೆ ಕಾರಣವಿಲ್ಲದೆ ಕಂದುಗಟ್ಟಿದ ಕಲೆಗಳು ಕಂಡರೆ ಪಥ್ಯ ಮಾಡುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದಾಗಿ, ಇನ್ನೂ ಸೊಪ್ಪನ್ನೇ ಕಾಣದ ಜೀವಗಳ ವಿಚಾರ. ತಾಯಿಯ ರಕ್ತದಿಂದ ಗರ್ಭದ ಕೂಸಿಗೆ 'ಕೆ' ಜೀವಸತ್ವ ಬಹಳ ಕಡಿಮೆ ದಾಟುತ್ತದೆ. ಎದೆಹಾಲು ಅಮೃತಸಮಾನವಾದರೂ ಅದರಲ್ಲಿ ಈ ಒಂದು ಜೀವಸತ್ವ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇರುತ್ತದೆ. ಕೂಸಿನ ಯಕೃತ್ತಿನಲ್ಲಿ ಸಂಗ್ರಹವಿಲ್ಲ, ಕರುಳಿನಲ್ಲಿ ಸೂಕ್ಷ್ಮಾಣುಗಳು ಇನ್ನೂ ನೆಲೆಗೊಂಡಿಲ್ಲ. ಇಂಥ ಕೂಸುಗಳಲ್ಲಿ ಕೆಲವಕ್ಕೆ ಮೊದಲ ವಾರದಲ್ಲಿ ಹೊಕ್ಕುಳಿನಿಂದಲೋ ಕರುಳಿನಿಂದಲೋ, ಇಲ್ಲವೆ ಎರಡರಿಂದ ಹನ್ನೆರಡನೆಯ ವಾರದೊಳಗೆ ಏಕಾಏಕಿ ಮಿದುಳಿನಲ್ಲಿ ರಕ್ತ ಸೋರುತ್ತದೆ. ಬಾಣಂತಿಗೆ ಎಷ್ಟು ಸಬ್ಬಸಿಗೆ ಸೊಪ್ಪು, ಎಷ್ಟು ತುಪ್ಪ ಉಣ್ಣಿಸಿದರೂ ಈ ಕೊರತೆಯನ್ನು ಸಮಯಕ್ಕೆ ಸರಿಯಾಗಿ ತುಂಬಿಸಲಾಗದು. ಹುಟ್ಟಿದೊಡನೆ ತೊಡೆಗೆ ಕೊಡುವ ೧ ಮಿಲಿಗ್ರಾಂ 'ಕೆ' ಜೀವಸತ್ವದ ಒಂದು ಚುಚ್ಚುಮದ್ದು ಮಾತ್ರ ಇದನ್ನು ನಂಬಿಕೆಯಿಂದ ತಡೆಯುತ್ತದೆ. ತೂಕ ತೀರ ಕಡಿಮೆಯಿರುವ ಕೂಸುಗಳಿಗೆ ವೈದ್ಯರು ಇದರ ಅರ್ಧ ಕೊಡುತ್ತಾರೆ. ಎಳೆಗೂಸಿಗೆ ಸೂಜಿ ಬೇಡವೆಂದು ಹಿರಿಯರು ತಡೆಯುವುದನ್ನು ಅಲ್ಲಲ್ಲಿ ಕೇಳುತ್ತೇವೆ. ಅವರ ಮಮತೆ ದೊಡ್ಡದು, ಆದರೆ ಈ ಸೂಜಿಯನ್ನು ತಡೆಯಬಾರದು. ಹೆರಿಗೆಯಾದ ಮನೆಯವರು ಆಸ್ಪತ್ರೆಯಿಂದ ಹೊರಡುವ ಮುನ್ನ, ಕೂಸಿಗೆ 'ಕೆ' ಚುಚ್ಚುಮದ್ದು ಆಗಿದೆಯೇ ಎಂದು ದಾದಿಯರನ್ನು ಕೇಳಿ, ತಾಯಿ-ಮಗುವಿನ ಕಾರ್ಡಿನಲ್ಲಿ ಬರೆಸಿಕೊಂಡು ಬರಲಿ.